ಚಾರ್ಮಾಡಿ ಭಯಕ್ಕೆ ಉಜಿರೆ ಕೆಲಸ ಬಿಡಬೇಡಿ

ನಮಸ್ಕಾರ. ಲೈಸೆನ್ಸ್ ಇದ್ದರೂ ಚಾರ್ಮಾಡಿ ಘಾಟಿ ಇಳಿಯಲು ಭಯ, ಉಜಿರೆಯಲ್ಲಿ ಸಿಕ್ಕ ಕೆಲಸ ಬಿಟ್ಟುಬಿಡಲಾ ಅಂತ ಮೂಡಿಗೆರೆಯಿಂದ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2019ರ ಮಳೆಗೆ ಅಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿತ್ತು ಅಲ್ವಾ? ಆದರೆ ತಪ್ಪಿಸಿಕೊಂಡಷ್ಟೂ ಭಯ ಜಾಸ್ತಿಯಾಗುತ್ತದೆ. ಹೋಗದೆ ಉಳಿದಾಗ ಸಿಗುವ ನಿರಾಳವೇ ಅದನ್ನು ಬೆಳೆಸುವುದು.

ಮಳೆ, ಮಂಜು ಇಲ್ಲದ ಬೆಳಿಗ್ಗೆ, ಪಳಗಿದ ಡ್ರೈವರ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿಗೆ ಮುಂಚೆ ಸಿಗುವ ಕೊಟ್ಟಿಗೆಹಾರದವರೆಗೆ ಹೋಗಿ. ನೀರುದೋಸೆ ತಿಂದು ವಾಪಸ್ ಬನ್ನಿ. ಅದು ಸಲೀಸಾಗುವವರೆಗೆ ಅಷ್ಟೇ ಸಾಕು. ಆಮೇಲೆ ಇನ್ನೂ ಮುಂದಿರುವ ಮಲಯಮಾರುತ ಗೆಸ್ಟ್ ಹೌಸ್‌ವರೆಗೆ, ಆಮೇಲೆ ಘಾಟಿಯ ತಿರುವುಗಳು. ಇಳಿಯುವಾಗ ಸೆಕೆಂಡ್ ಗೇರ್, ತೀರಾ ಕಡಿದಾದ ಕಡೆ ಫಸ್ಟ್. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಡಿಮೆಯಾಗುತ್ತದೆ. ನ್ಯೂಟ್ರಲ್ ಅಂತೂ ಬೇಡವೇ ಬೇಡ. ತಿರುವಿಗೆ ಮುಂಚೆ ಹಾರ್ನ್ ಮಾಡಿ, ಹತ್ತಿ ಬರುವ ಬಸ್ಸಿಗೆ ದಾರಿ ಬಿಡಿ. ಎದೆ ಡವಡವ ಅಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ. ಆದರೆ ಅಲ್ಲಿಂದಲೇ ಮನೆಗೆ ತಿರುಗಬೇಡಿ, ಎದೆಬಡಿತ ತಣ್ಣಗಾಗುವವರೆಗೆ ಕಾಯಿರಿ.

ಕಾರಿನ ಕೀ ಕಂಡರೇ ಕೈ ನಡುಗುವಷ್ಟು ಭಯವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕೆಲಸಕ್ಕೆ ಸೇರುವ ಹೊತ್ತಿಗೆ ಇಷ್ಟೆಲ್ಲ ಆಗದಿದ್ದರೆ ಮೊದಮೊದಲು ಬಸ್ಸಿಗೇ ಹೋಗಿ, ರಜಾ ದಿನಗಳಲ್ಲಿ ಕಾರು ತೆಗೆಯಿರಿ.