ಆ ಕಂಬದ ಬಗ್ಗೆ ಇನ್ನಷ್ಟು ಬರೆಯಿರಿ

ಪತ್ರ: ನಮ್ಮ ಅಜ್ಜಿ ತೀರಿಕೊಂಡ ಹತ್ತೊಂಬತ್ತನೇ ದಿನಕ್ಕೆ ಅಜ್ಜನೂ ಹೋದರು. ಮದುವೆಯಾಗಿ 58 ವರ್ಷ ಆಗಿತ್ತು. ‘ಪುಣ್ಯ ಮಾಡಿದ ಜೀವಗಳು, ಜೊತೆಯಲ್ಲೇ ಹೋದರು’ ಅಂತ ಊರೆಲ್ಲ ಹೇಳುತ್ತಿದೆ. ಅವರ ನೆನಪಿಗೆ ಒಂದು ಲೇಖನ ಕಳಿಸಿದ್ದೇನೆ. ‘ಸಾವಿನಲ್ಲೂ ಒಂದಾದ ದಂಪತಿ’ ಅನ್ನೋ ತಲೆಬರಹ ಸರಿಯಾಗುತ್ತಾ?
– ಓದುಗರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ಆ ತಲೆಬರಹ ಬೇಡ ತಂಗಿ. ಊರಿನವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ದುಃಖದ ಮನೆಗೆ ಬಂದವರು ಸಮಾಧಾನಕ್ಕೆ ಏನಾದರೂ ಹೇಳಲೇಬೇಕು, ಅವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ನೀವು ಬರೆಯುವವರು. ನಿಮ್ಮ ಲೇಖನ ನಾಲ್ಕು ಹಾಳೆ ಇದೆ. ಅದರಲ್ಲಿ ಮೂರೂವರೆ ಹಾಳೆ ಆ ಹತ್ತೊಂಬತ್ತು ದಿನದ್ದು. 58 ವರ್ಷಕ್ಕೆ ಉಳಿದದ್ದು ಅರ್ಧ ಹಾಳೆ!

ಆ ಅರ್ಧ ಹಾಳೆಯನ್ನು ನಾನು ನಾಲ್ಕು ಸಲ ಓದಿದೆ. ಅಜ್ಜನಿಗೆ ಕಿವಿ ಕೇಳುತ್ತಿರಲಿಲ್ಲ. ದಿನವಿಡೀ ಜಗಲಿಯ ಮರದ ಕಂಬಕ್ಕೆ ಬೆನ್ನು ಕೊಟ್ಟು ಕೂತಿರುತ್ತಿದ್ದರು. ಊಟಕ್ಕೆ ಕರೆಯಬೇಕಾದರೆ ಅಜ್ಜಿ ಕೂಗುತ್ತಿರಲಿಲ್ಲ. ಒಳಗಿಂದ ಬಂದು ಕಂಬಕ್ಕೆ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಅದು ಅಜ್ಜನ ಬೆನ್ನಿಗೆ ತಿಳಿಯುತ್ತಿತ್ತು, ಎದ್ದು ಬರುತ್ತಿದ್ದರು. ಇಷ್ಟನ್ನು ಮೂರೇ ಸಾಲಿನಲ್ಲಿ ಹೇಳಿ ಮುಗಿಸಿಬಿಟ್ಟಿದ್ದೀರಲ್ಲ, ಅದಕ್ಕೇ ನನಗೆ ನಿಮ್ಮ ಮೇಲೆ ಸಿಟ್ಟು. ಅಂಥದ್ದನ್ನು ಕಂಡ ಕಣ್ಣು ನಿಮ್ಮದು. ಆದರೂ ಪತ್ರಿಕೆಗಳಲ್ಲಿ ಸವೆದುಹೋದ ತಲೆಬರಹ ಹುಡುಕುತ್ತಿದ್ದೀರಿ.

ಜೊತೆಯಲ್ಲಿ ಸತ್ತವರನ್ನು ಕೊಂಡಾಡುವುದು ನಮ್ಮ ಕಡೆ ಹಳೇ ರೂಢಿ. ಹಳೇಬೀಡಿಗೆ ಹೋದರೆ ಹೊಯ್ಸಳೇಶ್ವರ ಗುಡಿಯ ಆವರಣದಲ್ಲಿ ಒಂದು ಕಂಬ ಇದೆ, ನೋಡಿ. 1220ರಲ್ಲಿ ಎರಡನೇ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಲಕ್ಷ್ಮನ ಹೆಂಡತಿ, ಜೊತೆಯ ಗರುಡರು (ದೊರೆಯ ಜೊತೆಗೇ ಸಾಯುವ ಪಣ ತೊಟ್ಟ ಅಂಗರಕ್ಷಕರು) ಪ್ರಾಣ ಕೊಟ್ಟ ಕಥೆ ಅದರ ಮೇಲಿದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವವರನ್ನೂ ಕೆತ್ತಿದ್ದಾರೆ. ಗಂಡನ ಹಿಂದೆ ಹೋದ ಹೆಣ್ಣಿಗೆ ಮಾಸ್ತಿಕಲ್ಲು ನಿಲ್ಲಿಸಿದರು. ಬಳೆ ತೊಟ್ಟ ಕೈ, ಅದರಲ್ಲಿ ಒಂದು ನಿಂಬೆಹಣ್ಣು. ಸಾಯದೆ ಉಳಿದು, ಮಕ್ಕಳನ್ನು ಸಾಕಿ, ಗದ್ದೆ ನೋಡಿಕೊಂಡವಳಿಗೆ ಯಾವ ಕಲ್ಲೂ ಇಲ್ಲ.

ಇನ್ನು ಆ ಹತ್ತೊಂಬತ್ತು ದಿನದ ಮಾತು. ನಿಮ್ಮ ಮನಸ್ಸು ನೋಯಬಹುದು, ಆದರೂ ಹೇಳುತ್ತೇನೆ. ಸಂಗಾತಿ ಹೋದ ಹೊಸತರಲ್ಲಿ ಉಳಿದವರ ಜೀವಕ್ಕೆ ಅಪಾಯ ಜಾಸ್ತಿ. ಇದು ಬಹಳ ಹಿಂದೆಯೇ ಗೊತ್ತಾದ ವಿಷಯ. ಬ್ರಿಟನ್ನಿನಲ್ಲಿ ಹೆಂಡತಿ ತೀರಿಕೊಂಡ 55 ದಾಟಿದ 4,486 ಗಂಡಸರ ಲೆಕ್ಕ ಇಟ್ಟಿದ್ದರು. 1969ರಲ್ಲಿ ಅದು ಪ್ರಕಟವಾಯಿತು. ಮೊದಲ ಆರು ತಿಂಗಳಲ್ಲಿ ಅವರ ಸಾವು ಹೆಂಡತಿ ಇರುವ ಅದೇ ವಯಸ್ಸಿನ ಗಂಡಸರಿಗಿಂತ ಶೇ 40ರಷ್ಟು ಹೆಚ್ಚಿತ್ತು. ಆಘಾತದಿಂದ ಹೃದಯದ ಒಂದು ಭಾಗ ಉಬ್ಬಿಕೊಳ್ಳುವ ಕಾಯಿಲೆಯನ್ನು 1990ರಲ್ಲಿ ಜಪಾನಿನ ವೈದ್ಯರು ಗುರುತಿಸಿದರು. ಅಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಗೆ ‘ತಾಕೋತ್ಸುಬೊ’ ಅನ್ನುತ್ತಾರೆ, ಕಾಯಿಲೆಗೂ ಅದೇ ಹೆಸರು. ಅದು ಬಂದವರಲ್ಲಿ ಬಹಳ ಜನ ಕೆಲವೇ ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ, ಆದರೆ ಪಕ್ಕದಲ್ಲಿದ್ದವರು ಗಮನಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಿಮ್ಮ ಅಜ್ಜನಿಗೆ ಅದೇ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ಅವರನ್ನು ನೋಡಿಕೊಂಡವರ ಮೇಲೆ ತಪ್ಪು ಹೊರಿಸುತ್ತಲೂ ಇಲ್ಲ.

ಅರಕಲಗೂಡಿನ ನನ್ನ ಸೋದರತ್ತೆಯ ಮನೆಯಲ್ಲಿ ಆದದ್ದು ಕೇಳಿ. ಮಾವನ ತಿಥಿ ದಿನ. ಅಂಗಳದ ತುಂಬ ಶಾಮಿಯಾನ, ಮುನ್ನೂರು ಜನರ ಅಡುಗೆ. ಎಲೆ ಸಾಲುತ್ತಾ, ಕುರ್ಚಿ ಬಂತಾ ಅಂತ ನಾವೆಲ್ಲ ಓಡಾಡುತ್ತಿದ್ದೆವು. ಪಕ್ಕದ ಮನೆಯ ಹೆಂಗಸು ಸುಮ್ನೆ ಅತ್ತೆಯ ಹತ್ತಿರ ಕೂತು, ‘ಶುಗರ್ ಮಾತ್ರೆ ತಗೊಂಡ್ರಾ ಅಕ್ಕ?’ ಅಂದರು. ಐದು ದಿನದಿಂದ ತಗೊಂಡಿರಲಿಲ್ಲ. ದಿನಾ ಮಾತ್ರೆ ಬಿಡಿಸಿ ಅಂಗೈಗೆ ಇಡುತ್ತಿದ್ದವರು ಮಾವ. ಡಬ್ಬ ಎಲ್ಲಿದೆ ಅಂತ ಅತ್ತೆಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಆಮೇಲೆ ಅತ್ತೆ ಒಂಬತ್ತು ವರ್ಷ ಬದುಕಿದರು, ಮೊಮ್ಮಗಳ ಮದುವೆಯಲ್ಲಿ ಸೋಬಾನೆ ಹಾಡಿದರು. ಜೊತೆಯಲ್ಲೇ ಹೋಗಿದ್ದರೆ ‘ಪುಣ್ಯವಂತೆ’ ಅನ್ನುತ್ತಿದ್ದ ಜನವೇ, ಉಳಿದಿದ್ದಕ್ಕೆ ಹನ್ನೊಂದನೇ ದಿನ ಅವರ ಕುಂಕುಮ ಅಳಿಸಿ ಬಳೆ ತೆಗೆಸಿದರು. ಅದನ್ನು ತಡೆಯದೆ ನಿಂತಿದ್ದೆನಲ್ಲ ಅಂತ ಈಗಲೂ ಸಂಕಟವಾಗುತ್ತದೆ. ನಿಮ್ಮ ಅಜ್ಜಿ ‘ಮುತ್ತೈದೆಯಾಗಿ ಹೋದಳು’ ಅಂತ ಎರಡು ಕಡೆ ಬರೆದಿದ್ದೀರಿ. ಆ ಎರಡನ್ನೂ ನಾನು ಹೊಡೆದುಹಾಕಿದ್ದೇನೆ.

ಈಗ ಬಸ್ ಸ್ಟ್ಯಾಂಡ್ ಎದುರು ಆಳೆತ್ತರದ ಶ್ರದ್ಧಾಂಜಲಿ ಫ್ಲೆಕ್ಸ್ ನಿಲ್ಲಿಸುತ್ತಾರೆ. ಸತ್ತವರ ಫೋಟೋಗಿಂತ ಕೆಳಗಿರುವ ನೆಂಟರ ಫೋಟೋಗಳೇ ಜಾಗ ತಿನ್ನುತ್ತವೆ. ನಮ್ಮ ಪತ್ರಿಕೆಗೆ ಬರುವ ಪುಣ್ಯತಿಥಿ ಜಾಹೀರಾತುಗಳಲ್ಲಿ ಹೆಸರು, ದಿನಾಂಕ ಬಿಟ್ಟರೆ ಉಳಿದ ಸಾಲುಗಳೆಲ್ಲ ಒಂದೇ. ‘ನಿಮ್ಮ ಆದರ್ಶವೇ ನಮಗೆ ದಾರಿದೀಪ’ ಅಂತ ಇರುತ್ತದೆ. ಯಾವ ಆದರ್ಶ? ಆ ಮನುಷ್ಯ ಕಾಫಿಗೆ ಬೆಲ್ಲ ಹಾಕಿಕೊಳ್ಳುತ್ತಿದ್ದನಾ? ಹೆಂಡತಿಗೆ ಜ್ವರ ಬಂದಾಗ ಗಂಜಿ ಕಾಯಿಸಿಕೊಟ್ಟನಾ? ಮೊಮ್ಮಕ್ಕಳಿಗೆ ಬೇಕಾಗುವುದು ಅದು ಅಲ್ವಾ?

ಲೇಖನ ವಾಪಸ್ ಕಳಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೂರೂವರೆ ಹಾಳೆ ಬದಿಗಿಟ್ಟು ಆ ಕಂಬದಿಂದ ಶುರು ಮಾಡಿ. ಊಟಕ್ಕಾದರೆ ಎರಡು ಸಲ ತಟ್ಟುತ್ತಿದ್ದರು, ಸರಿ. ಮನೆಗೆ ಯಾರಾದರೂ ಬಂದರೆ? ಮಳೆ ಬಂದು ಅಂಗಳದ ಕಾಫಿ ಬಾಚಬೇಕಾದರೆ? ನಿಮ್ಮ ಅಮ್ಮನಿಗೆ ಗೊತ್ತಿರುತ್ತದೆ, ಇವತ್ತೇ ಕೇಳಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಎರಡು ಪುಟ ಬಿಟ್ಟಿದ್ದೇನೆ.