ಟ್ರೆಕ್ಕಿಂಗ್ ಸಾಮಾನು: ಲೇಬಲ್ ಓದಿ, ಮನೆಯಲ್ಲೇ ಪರೀಕ್ಷಿಸಿ, ಆಮೇಲೆ ಹೊರಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ದೂರು ಹೇಳುತ್ತವೆ. ಸಾಮಾನು ಒಳ್ಳೆಯದೇ ಕೊಂಡೆವು, ಹೋದ ಕಡೆ ಕೈಕೊಟ್ಟಿತು. ಒಂದೊಂದನ್ನೇ ಓದಿದರೆ, ಬಹಳಷ್ಟು ಸಾಮಾನಿನಲ್ಲಿ ದೋಷ ಇದ್ದಂತೆ ಕಾಣುವುದಿಲ್ಲ. ಲೇಬಲ್ ಮೇಲಿನ ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನೋದು ತಿಳಿಯದೆ, ಒಮ್ಮೆಯೂ ಬಳಸಿ ನೋಡದೆ ನೇರವಾಗಿ ಕಾಡಿಗೆ, ಬೆಟ್ಟಕ್ಕೆ ಒಯ್ದಿದ್ದಾರೆ. ಹಾಗಾಗಿ ಆದಷ್ಟು ಕಡೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯನ್ನೂ ಸೇರಿಸಿದ್ದೇನೆ.

ಪ್ರಶ್ನೆ: ಹೊಸ ಟೆಂಟ್ ಮೇಲೆ 3000 ಎಂ.ಎಂ. ವಾಟರ್‌ಪ್ರೂಫ್ ಅಂತ ಬರೆದಿದೆ. ಆದರೂ ಮೊದಲ ರಾತ್ರಿಯೇ ಒಳಗೆಲ್ಲ ಒದ್ದೆಯಾಯಿತು. ಮೋಸ ಹೋದೆನಾ?

ಮೊದಲು ಒಂದು ವಿಷಯ ಹೇಳಿ. ಆ ರಾತ್ರಿ ಮಳೆ ಬಂದಿತ್ತಾ? ಬರದೇ ಇದ್ದರೂ ಒದ್ದೆಯಾಗಿದ್ದರೆ ಅದು ಸೋರಿಕೆ ಅಲ್ಲ, ನಿಮ್ಮದೇ ಉಸಿರಿನ ತೇವ. ಮಲಗಿದವರ ಉಸಿರು ಮತ್ತು ಮೈಯಿಂದ ರಾತ್ರಿಯಿಡೀ ನೀರಿನ ಆವಿ ಹೊರಬರುತ್ತದೆ. ಹೊರಗೆ ಚಳಿ ಇದ್ದಾಗ ಟೆಂಟ್ ಬಟ್ಟೆ ತಣ್ಣಗಾಗಿ, ಆ ಆವಿ ಬಟ್ಟೆಯ ಒಳಮೈಗೆ ಹನಿಯಾಗಿ ಅಂಟುತ್ತದೆ. ಎಷ್ಟೇ ಒಳ್ಳೆಯ ಬಟ್ಟೆಯಾದರೂ ಇದು ಆಗೇ ಆಗುತ್ತದೆ. ಇನ್ನೂ ಹೇಳಬೇಕೆಂದರೆ, ನೀರು ಒಳಗೆ ಬಿಡದ ಬಟ್ಟೆ ಆವಿಯನ್ನು ಹೊರಗೂ ಬಿಡುವುದಿಲ್ಲ.

ವ್ಯತ್ಯಾಸ ಕಂಡುಹಿಡಿಯುವುದು ಸುಲಭ. ಒಳಮೈಯ ತುಂಬ ಸಣ್ಣ ಹನಿಗಳು ಒಂದೇ ಸಮನಾಗಿ ಹರಡಿದ್ದರೆ ಅದು ಆವಿ. ಒಂದು ಹೊಲಿಗೆಯ ಉದ್ದಕ್ಕೂ, ಒಂದು ಮೂಲೆಯಲ್ಲಿ, ಅಥವಾ ಒಂದೇ ಜಾಗದಿಂದ ಗೆರೆಯಾಗಿ ಇಳಿದಿದ್ದರೆ ಅದು ಸೋರಿಕೆ. ಆವಿಗೆ ಮದ್ದು ಗಾಳಿ. ಮಳೆ ಬರುತ್ತಿದ್ದರೂ ಮೇಲಿನ ಕಿಂಡಿ ತೆರೆದಿಡಿ. ಹೊರಪದರವನ್ನು ಗೂಟ ಹೊಡೆದು ಬಿಗಿಯಾಗಿ ಎಳೆಯಿರಿ, ಒಳಪದರಕ್ಕೆ ಎಲ್ಲೂ ತಾಗಬಾರದು. ನೀರಿನ ಪಕ್ಕದ ತಗ್ಗು ಜಾಗ ಬಿಟ್ಟು ಸ್ವಲ್ಪ ಎತ್ತರದಲ್ಲಿ, ಸಾಧ್ಯವಾದರೆ ಮರದ ಕೆಳಗೆ ಟೆಂಟ್ ಹಾಕಿ. ಒಣಗಿದ ಕೊಂಬೆಗಳು ತಲೆಯ ಮೇಲೆ ಇಲ್ಲದ ಮರ ನೋಡಿಕೊಳ್ಳಿ.

ಇನ್ನು ಆ 3000ದ ಲೆಕ್ಕ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿ ಎತ್ತರ ಹೆಚ್ಚಿಸುತ್ತಾ ಹೋಗುತ್ತಾರೆ. ಎಷ್ಟು ಎತ್ತರಕ್ಕೆ ನೀರು ಒಸರಲು ಶುರುವಾಗುತ್ತದೋ ಅದೇ ಈ ಸಂಖ್ಯೆ. 3000 ಎಂ.ಎಂ. ಅಂದರೆ ಮೂರು ಮೀಟರ್ ನೀರಿನ ಒತ್ತಡ ತಡೆಯಿತು ಅಂತ. ಮೇಲ್ಛಾವಣಿಗೆ 1500 ಇದ್ದರೂ ಸಾಮಾನ್ಯ ಮಳೆಗೆ ಸಾಕು. ನೆಲದ ಬಟ್ಟೆಗೆ ಜಾಸ್ತಿ ಬೇಕು, ಯಾಕೆಂದರೆ ಒದ್ದೆ ನೆಲದ ಮೇಲೆ ನೀವು ಮೊಣಕಾಲೂರಿದಾಗ ಬೀಳುವ ಒತ್ತಡ ಮಳೆಹನಿಯ ಒತ್ತಡಕ್ಕಿಂತ ಎಷ್ಟೋ ಹೆಚ್ಚು. ಈ ಸಂಖ್ಯೆ ಬಟ್ಟೆಯದ್ದು ಮಾತ್ರ ಅನ್ನೋದನ್ನು ಮರೆಯಬೇಡಿ. ಹೊಲಿಗೆ, ಜಿಪ್, ಮೂಲೆ ಇವುಗಳ ಬಗ್ಗೆ ಅದು ಏನೂ ಹೇಳುವುದಿಲ್ಲ. ಟೆಂಟ್ ಸೋರುವುದು ಹೆಚ್ಚಾಗಿ ಅಲ್ಲೇ.

ಆದ್ದರಿಂದ ಅಂಗಳದಲ್ಲೋ ಪಾರ್ಕಿನಲ್ಲೋ ಟೆಂಟ್ ಹಾಕಿ, ಪೈಪಿನಿಂದ ಮಳೆಯ ಹಾಗೆ ಮೇಲಿನಿಂದ ನೀರು ಬಿಡಿ. ಇನ್ನೊಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಎರಡು ನಿಮಿಷ ಸಾಲದು, ಅರ್ಧ ಗಂಟೆಯಾದರೂ ಬಿಡಬೇಕು. ಸೋರುವ ಹೊಲಿಗೆಗೆ ಸೀಲರ್ ಹಚ್ಚುವಾಗ ಬಟ್ಟೆ ಯಾವುದು ಅಂತ ನೋಡಿಕೊಳ್ಳಿ. ಸಿಲಿಕೋನ್ ಲೇಪನದ ಬಟ್ಟೆಗೆ ಸಿಲಿಕೋನ್ ಸೀಲರ್ ಮಾತ್ರ ಹಿಡಿಯುತ್ತದೆ, ಬೇರೆಯದು ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ. ನೈಲಾನ್ ಟೆಂಟ್ ನೀರು ಕುಡಿದು ಸಡಿಲವಾಗುವುದನ್ನೂ ಈ ಪರೀಕ್ಷೆಯಲ್ಲೇ ನೋಡಬಹುದು. ಅದು ದೋಷವಲ್ಲ, ಮಲಗುವ ಮೊದಲು ಹಗ್ಗಗಳನ್ನು ಇನ್ನೊಮ್ಮೆ ಬಿಗಿ ಮಾಡಿದರಾಯಿತು. ಪಾಲಿಯೆಸ್ಟರ್‌ನಲ್ಲಿ ಈ ತೊಂದರೆ ಕಡಿಮೆ.

ಒದ್ದೆಯಾಗಿದ್ದು ನೆಲದ ಕಡೆಯಿಂದ ಅಂತಾದರೆ, ಕೆಳಗೆ ಹಾಸಿದ ಶೀಟ್ ಟೆಂಟ್‌ಗಿಂತ ದೊಡ್ಡದಿತ್ತಾ ನೋಡಿ. ಹೊರಗೆ ಚಾಚಿದ ಶೀಟ್ ಮಳೆನೀರನ್ನು ಹಿಡಿದು ಸೀದಾ ನಿಮ್ಮ ಕೆಳಗೆ ತಂದು ನಿಲ್ಲಿಸುತ್ತದೆ. ಅಂಚನ್ನು ಒಳಕ್ಕೆ ಮಡಚಿ.

ವಾಪಸ್ ಬಂದ ಮೇಲೆ ಟೆಂಟನ್ನು ಪೂರ್ತಿ ಒಣಗಿಸದೆ ಮಡಚಿಡಬೇಡಿ. ಒದ್ದೆ ಉಳಿದರೆ ನೀರು ತಡೆಯಲು ಬಟ್ಟೆಗೆ ಹಚ್ಚಿದ ಪಾಲಿಯುರೇಥೇನ್ ಲೇಪನ ನಿಧಾನಕ್ಕೆ ಕೊಳೆತು, ಅಂಟಂಟಾಗಿ ನಾರಲು ಶುರುವಾಗುತ್ತದೆ. ಆಮೇಲೆ ಅದನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ.

ಪ್ರಶ್ನೆ: 0 ಡಿಗ್ರಿಯ ಸ್ಲೀಪಿಂಗ್ ಬ್ಯಾಗ್ ಇದೆ. ಹೊರಗೆ 7 ಡಿಗ್ರಿ ಇದ್ದಾಗಲೇ ನಡುಗಿದೆ. ಹೆಚ್ಚು ದಪ್ಪದ್ದು ಕೊಳ್ಳಬೇಕೇ?

ಕೊಳ್ಳುವ ಮೊದಲು ಎರಡು ವಿಷಯ ನೋಡಿ.

ಮೊದಲನೆಯದು, ಆ 0 ಯಾವ 0? ಯುರೋಪಿನಲ್ಲಿ 2002ರಲ್ಲಿ ಬಂದ ಇಎನ್ 13537 ಮಾನದಂಡ, ಅದರ ಬದಲಿಗೆ 2016ರಲ್ಲಿ ಬಂದ ಐಎಸ್‌ಒ 23537, ಎರಡರಲ್ಲೂ ಒಂದೇ ಬ್ಯಾಗಿಗೆ ಬೇರೆ ಬೇರೆ ಉಷ್ಣಾಂಶ ಕೊಡುತ್ತಾರೆ. 'ಕಂಫರ್ಟ್' ಅಂದರೆ ಸಾಧಾರಣ ಮೈಕಟ್ಟಿನ ಮಹಿಳೆ ಆರಾಮವಾಗಿ ಮಲಗಬಹುದಾದ ಮಟ್ಟ. 'ಲಿಮಿಟ್' ಅಂದರೆ ಸಾಧಾರಣ ಮೈಕಟ್ಟಿನ ಪುರುಷ ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಮಟ್ಟ. 'ಎಕ್ಸ್‌ಟ್ರೀಮ್' ಅಂದರೆ ಜೀವ ಉಳಿಸಿಕೊಳ್ಳುವ ಲೆಕ್ಕ, ನಿದ್ದೆಯ ಮಾತೇ ಇಲ್ಲ. ಬ್ಯಾಗಿನ ಹೆಸರಿನಲ್ಲಿ ದೊಡ್ಡದಾಗಿ ಕಾಣುವ ಸಂಖ್ಯೆ ಹಲವು ಸಲ ಲಿಮಿಟ್ ಆಗಿರುತ್ತದೆ. ಒಳಗಿನ ಲೇಬಲ್‌ನಲ್ಲಿ ಕಂಫರ್ಟ್ ಹುಡುಕಿ, ಅದನ್ನೇ ನಂಬಿ. ಚಳಿ ಜಾಸ್ತಿ ಆಗುವ ಮೈಯಾದರೆ ಅದಕ್ಕಿಂತಲೂ ಕೆಲವು ಡಿಗ್ರಿ ಬಿಟ್ಟುಕೊಂಡು ಆರಿಸಿ.

ಎರಡನೆಯದು ಕೆಳಗಿನ ಮ್ಯಾಟ್. ನನ್ನ ಪ್ರಕಾರ ನಿಮ್ಮ ತೊಂದರೆ ಇಲ್ಲೇ ಇರಬಹುದು. ಮೈಭಾರಕ್ಕೆ ಬ್ಯಾಗಿನ ಕೆಳಭಾಗದ ತುಂಬುವಿಕೆ ಚಪ್ಪಟೆಯಾಗಿ, ಅದರಲ್ಲಿ ಗಾಳಿ ನಿಲ್ಲುವುದಿಲ್ಲ. ಗಾಳಿ ಇಲ್ಲದಿದ್ದರೆ ಬೆಚ್ಚಗೂ ಇಲ್ಲ. ಆಗ ನೆಲಕ್ಕೂ ಬೆನ್ನಿಗೂ ನಡುವೆ ಇರುವುದು ಮ್ಯಾಟ್ ಒಂದೇ. ಬ್ಯಾಗಿಗೆ ರೇಟಿಂಗ್ ಕೊಡುವಾಗಲೂ ಬಿಸಿ ಮಾಡಿದ ಗೊಂಬೆಗೆ ಒಳಉಡುಪು ತೊಡಿಸಿ, ಕೆಳಗೆ ಮ್ಯಾಟ್ ಹಾಕಿಯೇ ಅಳೆಯುತ್ತಾರೆ. ನೀವು ತೆಳು ಶೀಟ್ ಮೇಲೆ ಮಲಗಿ ಅದೇ ಬೆಚ್ಚನೆ ಕೇಳಿದರೆ ಸಿಗುವುದಿಲ್ಲ.

ಮ್ಯಾಟ್ ಶಾಖವನ್ನು ಎಷ್ಟು ತಡೆಯುತ್ತದೆ ಅನ್ನೋದಕ್ಕೆ ಆರ್-ವ್ಯಾಲ್ಯೂ ಅಂತ ಅಳತೆ ಇದೆ. ಮೊದಲು ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಅನ್ನುವ ಮಾನದಂಡ ಬಂದ ಮೇಲೆ, ಅದರಂತೆ ಅಳೆದ ಮ್ಯಾಟ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ಬೇಸಿಗೆಗೆ 1ರಿಂದ 2 ಸಾಕು. ಸಾಧಾರಣ ಚಳಿಗೆ 3ರಿಂದ 4 ಬೇಕು. ಹಿಮ, ಹೆಪ್ಪುಗಟ್ಟಿದ ನೆಲಕ್ಕೆ 5ಕ್ಕಿಂತ ಮೇಲೆ. ಒಳ್ಳೆಯ ವಿಷಯ ಏನೆಂದರೆ ಈ ಸಂಖ್ಯೆಗಳು ಕೂಡುತ್ತವೆ. 2ರ ಫೋಮ್ ಮ್ಯಾಟ್ ಮೇಲೆ 3ರ ಗಾಳಿಮ್ಯಾಟ್ ಹಾಕಿದರೆ 5 ಆಗುತ್ತದೆ. ಹೊಸ ಬ್ಯಾಗಿಗೆ ಹೋಲಿಸಿದರೆ ಒಂದು ಫೋಮ್ ಮ್ಯಾಟಿನ ಖರ್ಚು ತೀರಾ ಕಡಿಮೆ. ಅದು ತೂತಾಗುವುದೂ ಇಲ್ಲ.

ಪರೀಕ್ಷೆ ಹೀಗೆ ಮಾಡಿ. ಚಳಿ ಇರುವ ರಾತ್ರಿ ಬಾಲ್ಕನಿಯಲ್ಲೋ ಮಾಳಿಗೆಯಲ್ಲೋ ಇದೇ ಬ್ಯಾಗ್, ಇದೇ ಮ್ಯಾಟ್, ಟ್ರೆಕ್ಕಿನಲ್ಲಿ ಹಾಕುವ ಅದೇ ಬಟ್ಟೆಯಲ್ಲಿ ಮಲಗಿ. ಪಕ್ಕದಲ್ಲಿ ಥರ್ಮಾಮೀಟರ್ ಇಡಿ. ಎಚ್ಚರವಾದಾಗ ಚಳಿ ಎಲ್ಲಿಂದ ಬರುತ್ತಿದೆ ಗಮನಿಸಿ. ಬೆನ್ನು, ಸೊಂಟ ತಣ್ಣಗಿದ್ದರೆ ಮ್ಯಾಟ್ ಬದಲಿಸಿ. ಎದೆ, ಕಾಲು ತಣ್ಣಗಿದ್ದರೆ ಬ್ಯಾಗ್ ಸಾಲದು. ಗಾಳಿಮ್ಯಾಟ್ ಬೆಳಗ್ಗೆ ಸ್ವಲ್ಪ ಮೆತ್ತಗಾಗಿದ್ದರೆ ಗಾಬರಿ ಬೇಡ, ಚಳಿಗೆ ಒಳಗಿನ ಗಾಳಿ ಕುಗ್ಗುತ್ತದೆ. ಪೂರ್ತಿ ಇಳಿದಿದ್ದರೆ ಮಾತ್ರ ಸೋಪುನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ.

ಡೌನ್, ಅಂದರೆ ಹಕ್ಕಿಯ ಮೃದು ಗರಿ ತುಂಬಿದ ಬ್ಯಾಗ್ ಆಗಿದ್ದರೆ ಇನ್ನೊಂದು ಮಾತು. ಒದ್ದೆಯಾದರೆ ಗರಿ ಮುದ್ದೆಯಾಗಿ ಬೆಚ್ಚನೆ ಹೋಗಿಬಿಡುತ್ತದೆ. ಮನೆಯಲ್ಲಿ ಅದನ್ನು ಸಣ್ಣ ಚೀಲಕ್ಕೆ ತುರುಕಿಡಬೇಡಿ, ಸಡಿಲವಾಗಿ ನೇತುಹಾಕಿ.

ಪ್ರಶ್ನೆ: 60 ಲೀಟರ್ ಬ್ಯಾಕ್‌ಪ್ಯಾಕ್ ಹೊತ್ತು ಒಂದು ಗಂಟೆ ನಡೆದರೆ ಭುಜ ಉರಿಯುತ್ತದೆ. ಪಟ್ಟಿಯಲ್ಲಿ ಸ್ಪಂಜ್ ಸಾಲದೇ?

ಸ್ಪಂಜಿನ ಸಮಸ್ಯೆ ಅಲ್ಲ. ಭಾರ ಭುಜದ ಮೇಲೆ ಕೂತಿದೆ, ಅದು ಕೂರಬೇಕಾದದ್ದು ಸೊಂಟದ ಮೇಲೆ. ಲೀಟರ್ ನೋಡಿ ಬ್ಯಾಗ್ ಕೊಳ್ಳುತ್ತಾರೆ, ಬೆನ್ನಿನ ಉದ್ದ ನೋಡುವವರು ಕಡಿಮೆ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದೆ. ಸೊಂಟದ ಎರಡೂ ಮೂಳೆಗಳ ಮೇಲೆ ಕೈಯಿಟ್ಟು, ಹೆಬ್ಬೆರಳುಗಳನ್ನು ಬೆನ್ನಿನ ಕಡೆ ಚಾಚಿ. ಆ ಮೂಳೆಯಿಂದ ಹೆಬ್ಬೆರಳುಗಳ ನಡುವಿನ ಗೆರೆಯವರೆಗೆ ಬೇರೆಯವರಿಂದ ಟೇಪ್ ಹಿಡಿಸಿ. ಇದೇ ನಿಮ್ಮ ಬೆನ್ನಿನ ಅಳತೆ. ಎತ್ತರದವರಿಗೆಲ್ಲ ಉದ್ದ ಬೆನ್ನು ಇರಬೇಕೆಂದಿಲ್ಲ, ಅಳೆದೇ ನೋಡಿ.

ಹಾಕಿಕೊಳ್ಳುವ ಕ್ರಮವೂ ಮುಖ್ಯ. ಎಲ್ಲ ಪಟ್ಟಿ ಸಡಿಲ ಮಾಡಿ. ಸೊಂಟದ ಬೆಲ್ಟ್ ಮೂಳೆಯ ಮೇಲೆ ಕೂರುವಂತೆ ಮೊದಲು ಬಿಗಿಯಿರಿ, ಹೊಟ್ಟೆಯ ಮೇಲಲ್ಲ. ಆಮೇಲೆ ಭುಜದ ಪಟ್ಟಿ, ಕೊನೆಗೆ ಭುಜದ ಮೇಲಿಂದ ಬ್ಯಾಗಿನ ತುದಿಗೆ ಹೋಗುವ ಸಣ್ಣ ಪಟ್ಟಿ. ಸರಿಯಾಗಿದ್ದರೆ ಭುಜದ ಪಟ್ಟಿಯ ಕೆಳಗೆ ಬೆರಳು ತೂರಿಸಲು ಆಗಬೇಕು. ತೂಕದ ವಸ್ತು ಬೆನ್ನಿಗೆ ಅಂಟಿಕೊಂಡು, ಬ್ಯಾಗಿನ ನಡುಭಾಗದಲ್ಲಿರಲಿ.

ಪರೀಕ್ಷೆಗೆ ನೀರಿನ ಬಾಟಲಿ ತುಂಬಿ. ಒಂದು ಲೀಟರ್ ಅಂದರೆ ಒಂದು ಕಿಲೋ, ಲೆಕ್ಕ ಸುಲಭ. ನೀವು ಒಯ್ಯುವಷ್ಟೇ ತೂಕ ಹೊತ್ತು ಒಂದು ಗಂಟೆ ಮೆಟ್ಟಿಲು ಹತ್ತಿ ಇಳಿಯಿರಿ. ಮಂಡಿ ನೋಯಲು ಶುರುವಾದರೆ ನೀರು ಚೆಲ್ಲಿ ಇಳಿಯಬಹುದು. ನಿಮ್ಮ ತೂಕದ ಐದರಲ್ಲಿ ಒಂದು ಪಾಲು ಅನ್ನೋದು ಸಾಮಾನ್ಯವಾಗಿ ಹೇಳುವ ಮಿತಿ. ಅಭ್ಯಾಸ ಇಲ್ಲದವರು ಅದಕ್ಕಿಂತಲೂ ಕಡಿಮೆ ಹೊರುವುದು ಒಳ್ಳೆಯದು.

ರೇನ್‌ಕವರ್ ಇದೆ ಅಂತ ಒಳಗಿನ ಸಾಮಾನು ಒದ್ದೆಯಾಗದು ಅಂದುಕೊಳ್ಳಬೇಡಿ. ನಿಮ್ಮ ಬೆನ್ನಿನ ಮೇಲಿಂದ ಇಳಿಯುವ ನೀರನ್ನು ಕವರ್ ತಡೆಯುವುದಿಲ್ಲ. ಬ್ಯಾಗಿನ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರಲ್ಲಿ ಬಟ್ಟೆ, ಸ್ಲೀಪಿಂಗ್ ಬ್ಯಾಗ್ ಇಡಿ.

ಪ್ರಶ್ನೆ: ವಾಟರ್‌ಪ್ರೂಫ್ ಬೂಟು ಒಳ್ಳೆಯದೋ, ಹಗುರ ಶೂ ಒಳ್ಳೆಯದೋ?

ಹಿಮ, ಕೆಸರು, ಚಳಿ ಇದ್ದರೆ ವಾಟರ್‌ಪ್ರೂಫ್. ಬಿಸಿಲು, ಹೊಳೆ ದಾಟುವ ದಾರಿಯಾದರೆ ಹಗುರವಾದ ಜಾಳಿಗೆ ಶೂ. ಮೇಲಿನಿಂದ ನೀರು ನುಗ್ಗಿದರೆ ವಾಟರ್‌ಪ್ರೂಫ್ ಬೂಟು ಬೇಗ ಒಣಗುವುದಿಲ್ಲ. ಕಾಲಿಗೆ ಕಟ್ಟಿದ ತೂಕ ಬೆನ್ನಿನ ಮೇಲಿನ ಅಷ್ಟೇ ತೂಕಕ್ಕಿಂತ ಹಲವು ಪಟ್ಟು ಹೆಚ್ಚು ಸುಸ್ತು ಮಾಡುತ್ತದೆ ಅನ್ನೋದೂ ನೆನಪಿರಲಿ. ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಟ್ರೆಕ್ಕಿಂಗ್ ಸಾಕ್ಸ್ ಹಾಕಿಯೇ ನೋಡಿ. ಇಳಿಜಾರಿನಲ್ಲಿ ನಿಂತಾಗ ಬೆರಳು ಮುಂದೆ ತಾಗಿದರೆ ಆ ಅಳತೆ ಬೇಡ, ಇಳಿಯುವಾಗ ಉಗುರು ಕಪ್ಪಾಗುತ್ತದೆ.

ಪ್ರಶ್ನೆ: ಜೋರು ಮಳೆ ಬಂದಾಗ ಟೆಂಟ್ ಒಳಗೆ ಗ್ಯಾಸ್ ಸ್ಟವ್ ಹಚ್ಚಬಹುದೇ? ಜಿಪ್ ಸ್ವಲ್ಪ ತೆರೆದಿಟ್ಟರೆ ಸಾಕಲ್ವಾ?

ಬೇಡ, ದಯವಿಟ್ಟು ಬೇಡ. ಸ್ಟವ್ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ಮಂಪರು ಬಂದಾಗ ನಡೆದ ಆಯಾಸ ಅಂದುಕೊಂಡು ಮಲಗಿಬಿಡುತ್ತಾರೆ, ಮತ್ತೆ ಏಳುವುದಿಲ್ಲ. ಸ್ವಲ್ಪ ತೆರೆದ ಜಿಪ್ ಅದಕ್ಕೆ ಸಾಲದು. ಟೆಂಟ್ ಬಟ್ಟೆಗೆ ಬೆಂಕಿ ಹತ್ತಿದರೆ ಹೊರಬರಲೂ ಸಮಯ ಇರುವುದಿಲ್ಲ. ಬೆಂಕಿ ಬೇಡದ ತಿನಿಸು ಒಂದು ಹೊತ್ತಿಗಾಗುವಷ್ಟು ಯಾವಾಗಲೂ ಬ್ಯಾಗಿನಲ್ಲಿರಲಿ.

ಚಳಿಯಲ್ಲಿ ಉರಿ ಕುಗ್ಗುತ್ತದೆ ಅಂತಲೂ ಕೇಳಿದ್ದೀರಿ. ಅದು ಒಳಗೆ ಯಾವ ಗ್ಯಾಸ್ ಇದೆ ಅನ್ನೋದರ ಮೇಲೆ ನಿಂತಿದೆ. ಬ್ಯೂಟೇನ್ ಸುಮಾರು 0 ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಐಸೊಬ್ಯೂಟೇನ್ ಸುಮಾರು ಮೈನಸ್ 12ರವರೆಗೆ, ಪ್ರೋಪೇನ್ ಮೈನಸ್ 42ರವರೆಗೆ ಆವಿಯಾಗುತ್ತದೆ. ಕೊನೆಯ ಎರಡರ ಮಿಶ್ರಣ ಇರುವ ಕ್ಯಾನಿಸ್ಟರ್ (ಗ್ಯಾಸ್ ಡಬ್ಬಿ) ಆರಿಸಿ. ಕ್ಯಾನಿಸ್ಟರ್ ಮೇಲೆಯೇ ಕೂರುವ ಸ್ಟವ್‌ಗೆ ಸುತ್ತಲೂ ಗಾಳಿತಡೆ ಕಟ್ಟಬೇಡಿ, ಕ್ಯಾನಿಸ್ಟರ್ ಕಾದು ಸಿಡಿಯಬಹುದು. ಒಂದು ಲೀಟರ್ ನೀರು ಕುದಿಸುವ ಮೊದಲು ಮತ್ತು ನಂತರ ಕ್ಯಾನಿಸ್ಟರನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ, ಎಷ್ಟು ದಿನಕ್ಕೆ ಎಷ್ಟು ಗ್ಯಾಸ್ ಬೇಕು ಗೊತ್ತಾಗುತ್ತದೆ.

ಪ್ರಶ್ನೆ: ನೀರಿನ ಫಿಲ್ಟರ್ ರಾತ್ರಿ ಹೊರಗೆ ಉಳಿದು ಹೆಪ್ಪುಗಟ್ಟಿತ್ತು. ಈಗ ನೀರು ಚೆನ್ನಾಗಿಯೇ ಬರುತ್ತಿದೆ. ಬಳಸಲೇ?

ಬಳಸಬೇಡಿ. ಟೊಳ್ಳು ನಾರಿನ ಫಿಲ್ಟರ್ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ನಾರುಗಳು ಸೀಳುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ. ನೀರು ಸರಾಗವಾಗಿ ಬರುವುದು ಒಳ್ಳೆಯ ಗುರುತು ಅಲ್ಲ, ಸೀಳಿನಲ್ಲೇ ಹರಿಯುತ್ತಿರಬಹುದು. ಚಳಿಯ ರಾತ್ರಿ ಫಿಲ್ಟರನ್ನು ನಿಮ್ಮ ಜೊತೆ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಳ್ಳಿ. ಇಂಥ ಫಿಲ್ಟರ್ ಬ್ಯಾಕ್ಟೀರಿಯಾ ತಡೆಯುತ್ತದೆ, ಆದರೆ ಸಾಮಾನ್ಯವಾಗಿ ವೈರಸ್ ತಡೆಯುವುದಿಲ್ಲ. ಜನವಸತಿಯ ಕೆಳಗಿನ ಹೊಳೆಯಾದರೆ ನೀರನ್ನು ಕುದಿಸಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2000 ಮೀಟರ್‌ಗಿಂತ ಎತ್ತರದಲ್ಲಿ ಮೂರು ನಿಮಿಷ.

ಪ್ರಶ್ನೆ: ಮೊದಲ ಸಲ ಹೊರಟಿದ್ದೇನೆ. ಎಲ್ಲ ಕೊಳ್ಳಲು ದುಡ್ಡಿಲ್ಲ. ಏನು ಕೊಳ್ಳಲಿ, ಏನು ಬಾಡಿಗೆಗೆ ತರಲಿ?

ಎಲ್ಲ ಕೊಳ್ಳಲೇಬೇಕಿಲ್ಲ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ತಮ್ಮ 67ನೇ ವಯಸ್ಸಿನಲ್ಲಿ 3000 ಕಿ.ಮೀ.ಗೂ ಉದ್ದದ ಅಪಲಾಚಿಯನ್ ಟ್ರೇಲನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಚೀಲ, ಮಳೆಗೆ ಬಚ್ಚಲಿನ ಪ್ಲಾಸ್ಟಿಕ್ ಪರದೆ. ಹಾಗೆಯೇ ಹೋಗಿ ಅಂತ ಹೇಳುತ್ತಿಲ್ಲ, ಅವರ ದಾರಿಯಲ್ಲಿ ಕಷ್ಟಗಳೂ ಇದ್ದವು. ದುಡ್ಡು ಕಡಿಮೆ ಅಂತ ಮನೆಯಲ್ಲೇ ಉಳಿಯಬೇಡಿ ಅಂತಷ್ಟೇ.

ಶೂ, ಸಾಕ್ಸ್, ಹೆಡ್‌ಲ್ಯಾಂಪ್ ಸ್ವಂತದ್ದೇ ಇರಲಿ. ಶೂ ಬೇರೆಯವರ ಪಾದಕ್ಕೆ ಪಳಗಿರುತ್ತದೆ, ಅದನ್ನು ಬಾಡಿಗೆಗೆ ತರಬೇಡಿ. ಟೆಂಟ್, ಸ್ಲೀಪಿಂಗ್ ಬ್ಯಾಗ್, ಬ್ಯಾಕ್‌ಪ್ಯಾಕ್ ಬಾಡಿಗೆಗೆ ಆಗುತ್ತದೆ. ಎರಡು ಮೂರು ಬಗೆಯವು ಬಳಸಿ ನೋಡಿದ ಮೇಲೆ ನಿಮಗೆ ಯಾವುದು ಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಬಾಡಿಗೆ ಸಾಮಾನನ್ನು ಅಂಗಡಿಯಲ್ಲೇ ಬಿಚ್ಚಿಸಿ ನೋಡಿ. ಟೆಂಟಿನ ಎಲ್ಲ ಜಿಪ್ ಎಳೆಯಿರಿ, ಕಂಬಗಳನ್ನು ಜೋಡಿಸಿ, ಗೂಟ ಎಣಿಸಿ, ಒಳಮೈ ಮುಟ್ಟಿ ಅಂಟುತ್ತದಾ ನೋಡಿ. ಸ್ಲೀಪಿಂಗ್ ಬ್ಯಾಗನ್ನು ಬೆಳಕಿಗೆ ಹಿಡಿಯಿರಿ. ಕೆಲವು ಕಡೆ ತುಂಬುವಿಕೆ ಇಲ್ಲದೆ ಬೆಳಕು ಹಾಯುತ್ತಿದ್ದರೆ ಬೇರೆ ಕೇಳಿ. ಹೊರಡುವ ಹಿಂದಿನ ದಿನ ತರುವ ಬದಲು ಎರಡು ದಿನ ಮೊದಲೇ ತನ್ನಿ. ಒಂದು ದಿನದ ಬಾಡಿಗೆ ಜಾಸ್ತಿಯಾಗುತ್ತದೆ ನಿಜ. ಆದರೆ ಕತ್ತಲಲ್ಲಿ, ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಟೆಂಟನ್ನು ಒಮ್ಮೆ ಹಾಕಿ ತೆಗೆದು ಅಭ್ಯಾಸ ಮಾಡಲು, ಏನಾದರೂ ಕಮ್ಮಿ ಇದ್ದರೆ ಹೋಗಿ ಬದಲಿಸಿ ತರಲು ಆ ಒಂದು ದಿನ ಬೇಕು.