ಶ್ರುತಿ, ಸ್ಮೃತಿ, ಪುರಾಣ: ಯಾವುದರ ಮಾತು ಮೇಲು?

ಪ್ರಶ್ನೆ: ನಮ್ಮೂರ ದೇವಸ್ಥಾನದ ತಾಳಮದ್ದಳೆಯಲ್ಲಿ ಅರ್ಥಧಾರಿಗಳೊಬ್ಬರು (ಪಾತ್ರದ ಮಾತನ್ನು ಆಡುವವರು) ಪುರಾಣದ ಕಥೆಯೊಂದನ್ನು ಎತ್ತಿ ‘ಇದು ವೇದವಾಕ್ಯ’ ಎಂದರು. ಎದುರು ಪಾತ್ರದವರು ಅದನ್ನು ಒಪ್ಪಲಿಲ್ಲ. ಮನೆಗೆ ಬಂದ ಮೇಲೆ ಮಗಳು, ‘ವೇದ, ಗೀತೆ, ಪುರಾಣ ಎಲ್ಲವೂ ಒಂದೇ ಸಮನಾದ ಪ್ರಮಾಣವೇ?’ ಎಂದು ಕೇಳಿದಳು. ಏನು ಹೇಳಲಿ?
(ಓದುಗರೊಬ್ಬರು, ಕುಂಬಳೆ)

ಉತ್ತರ: ಒಪ್ಪದೆ ಹೋದ ಅರ್ಥಧಾರಿಗಳ ಪಕ್ಷದಲ್ಲಿ ಶಾಸ್ತ್ರವಿದೆ. ಸಂಹಿತೆ, ಬ್ರಾಹ್ಮಣ, ಆರಣ್ಯಕ, ಉಪನಿಷತ್ತುಗಳು ಶ್ರುತಿ. ಧರ್ಮಶಾಸ್ತ್ರಗಳೂ ಮಹಾಭಾರತವೂ ಅದರೊಳಗಿನ ಗೀತೆಯೂ ಸ್ಮೃತಿ. ಶ್ರುತಿ, ಸ್ಮೃತಿ, ಪುರಾಣಗಳಲ್ಲಿ ವಿರೋಧ ಕಂಡರೆ ಶ್ರುತಿಯೇ ಪ್ರಮಾಣ, ಉಳಿದೆರಡರ ನಡುವೆ ಸ್ಮೃತಿ ಮೇಲು ಎಂದು ವ್ಯಾಸಸ್ಮೃತಿ ಹೇಳುತ್ತದೆ. ವೇದವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಮೀಮಾಂಸಾಶಾಸ್ತ್ರದ ಸೂತ್ರಕಾರ ಜೈಮಿನಿಯ ಸೂತ್ರವೂ ಇದೇ ದಾರಿಯದು: ಶ್ರುತಿಗೆ ವಿರುದ್ಧವಾದ ಸ್ಮೃತಿಯನ್ನು ಬಿಡಬೇಕು, ವಿರೋಧವಿಲ್ಲದಿದ್ದರೆ ಅದಕ್ಕೆ ಮೂಲವಾದ ಶ್ರುತಿಯೊಂದು ಇದ್ದಿರಬೇಕೆಂದು ಊಹಿಸಬೇಕು.

ಆದರೆ ಪುರಾಣವನ್ನು ಕೀಳೆಂದು ತಳ್ಳುವುದೂ ತಪ್ಪು. ಇತಿಹಾಸ ಪುರಾಣಗಳಿಂದ ವೇದದ ಅರ್ಥವನ್ನು ವಿಸ್ತರಿಸಿಕೊಳ್ಳಬೇಕು, ಅಲ್ಪ ಓದಿದವನನ್ನು ಕಂಡರೆ ‘ಇವನು ನನ್ನನ್ನು ಹೊಡೆದಾನು’ ಎಂದು ವೇದವೇ ಹೆದರುತ್ತದೆ ಎಂಬ ಮಾತು ಮಹಾಭಾರತದ ಆದಿಪರ್ವದಲ್ಲಿದೆ. ನನಗೆ ಬಹಳ ಇಷ್ಟವಾದ ಮಾತಿದು.

ಇನ್ನು, ವೇದದಲ್ಲಿದೆ ಎಂದ ಮಾತ್ರಕ್ಕೆ ಪ್ರತಿ ವಾಕ್ಯದ ತೂಕವೂ ಒಂದೇ ಅಲ್ಲ. ‘ಹೀಗೆ ಮಾಡಬೇಕು’ ಎನ್ನುವ ವಿಧಿವಾಕ್ಯ ಬೇರೆ, ಆ ಕರ್ಮವನ್ನು ಹೊಗಳುವುದಕ್ಕಾಗಿ ಬಂದ ಅರ್ಥವಾದ ಬೇರೆ ಎಂದು ಮೀಮಾಂಸಕರು ವಿಂಗಡಿಸಿದರು. ‘ವಾಯು ಅತಿವೇಗದ ದೇವತೆ’ ಎಂಬುದು ವಾಯುವಿಗೆ ಮಾಡುವ ಯಾಗವನ್ನು ಹೊಗಳುವ ಮಾತು. ಅದರ ಪ್ರಾಮಾಣ್ಯ ಆ ಯಾಗದ ವಿಧಿಯ ಜೊತೆಗೇ ಸೇರಿ ನಿಲ್ಲುತ್ತದೆ. ಶ್ರುತಿಗೆ ತನ್ನದೇ ಕ್ಷೇತ್ರವೂ ಇದೆ. ಕಣ್ಣಿಗೂ ತರ್ಕದ ಊಹೆಗೂ ಸಿಗದ ವಿಷಯದಲ್ಲಿ ಅದು ಪ್ರಮಾಣ. ಬೆಂಕಿ ತಣ್ಣಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂದು ಶಂಕರಾಚಾರ್ಯರು ಗೀತಾಭಾಷ್ಯದಲ್ಲಿ, 18ನೆಯ ಅಧ್ಯಾಯದ 66ನೆಯ ಶ್ಲೋಕದ ಕೆಳಗೆ ಬರೆದಿದ್ದಾರೆ. ವೇದದ ಮೇಲೆ ಅಷ್ಟು ಶ್ರದ್ಧೆಯಿದ್ದವರೇ ಈ ಮಾತನ್ನು ಆಡಿದರು ಎಂಬುದನ್ನು ಮಗಳಿಗೆ ಅವಶ್ಯವಾಗಿ ತಿಳಿಸಿ.

ಗೀತೆ ವಿಂಗಡಣೆಯಲ್ಲಿ ಸ್ಮೃತಿಯಾದರೂ, ಉಪನಿಷತ್ತು ಮತ್ತು ಬ್ರಹ್ಮಸೂತ್ರಗಳ ಜೊತೆ ಪ್ರಸ್ಥಾನತ್ರಯದಲ್ಲಿ, ಅಂದರೆ ವೇದಾಂತದ ಮೂರು ಮೂಲ ಆಧಾರಗಳಲ್ಲಿ, ಸೇರಿದೆ. ಅದಕ್ಕೆ ಭಾಷ್ಯ ಬರೆಯುವ ಹೊಣೆಯನ್ನು ವೇದಾಂತದ ಆಚಾರ್ಯರು ಹೊತ್ತದ್ದು ಆ ಕಾರಣಕ್ಕೆ.

ಪ್ರಮಾಣ ಒಂದೇ ಆದರೂ ವಾದ ಮುಗಿಯುವುದಿಲ್ಲ ಎಂಬುದಕ್ಕೆ ನಿದರ್ಶನ ನಿಮ್ಮ ಸೀಮೆಯಲ್ಲೇ ಇದೆ. 13ನೆಯ ಶತಮಾನದಲ್ಲಿ ಕುಂಬಳೆ ಸೀಮೆಯಲ್ಲಿ ಮಧ್ವಾಚಾರ್ಯರಿಗೂ ಅದ್ವೈತಿಗಳಾಗಿದ್ದ ತ್ರಿವಿಕ್ರಮ ಪಂಡಿತಾಚಾರ್ಯರಿಗೂ ವಾದ ನಡೆದಾಗ, ವೇದ ಪ್ರಮಾಣವೆಂಬುದನ್ನು ಇಬ್ಬರೂ ಒಪ್ಪಿಕೊಂಡೇ ಕುಳಿತಿದ್ದರು. ಜಗಳವಿದ್ದದ್ದು ಅದರ ಅರ್ಥದಲ್ಲಿ. ಕೊನೆಗೆ ತ್ರಿವಿಕ್ರಮರು ಮಧ್ವರ ಶಿಷ್ಯರಾಗಿ, ಅವರ ಬ್ರಹ್ಮಸೂತ್ರಭಾಷ್ಯಕ್ಕೆ ‘ತತ್ತ್ವಪ್ರದೀಪ’ ಎಂಬ ವ್ಯಾಖ್ಯಾನವನ್ನು ಬರೆದರು.